ಮೇಷ್ಟ್ರಿಗೆ ಸುಮ್ಮನಿರಲು ಕಲಿಸಿದವರು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹಳೇಬೀಡಿನ ತಮ್ಮ ಮನೆಯ ಒಲೆಯ ಮುಂದೆ ನಿಂತು ಹೇಮಾಶ್ರೀ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಫೋನು ಸಕ್ಕರೆ ಡಬ್ಬಿಗೆ ಒರಗಿ ನಿಂತಿತ್ತು. ರೊಟ್ಟಿ ಬೇಯುವಷ್ಟು ಹೊತ್ತು ಕಿರುಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿ ಓದುವುದು, ಆಮೇಲೆ ರೊಟ್ಟಿ ಮಗುಚುವುದು, ಮತ್ತೆ ಓದುವುದು.

ಅವರು ಓದುತ್ತಿದ್ದದ್ದು ಭೌತಶಾಸ್ತ್ರದ ಒಂದು ಆನ್‌ಲೈನ್ ಕೋರ್ಸಿನ ಚರ್ಚಾಪುಟವನ್ನು. ದೂರಶಿಕ್ಷಣದಲ್ಲಿ ಬಿ.ಎಸ್ಸಿ. ಓದುತ್ತಿರುವ ನಲವತ್ತಾರು ಮಂದಿ ಒಬ್ಬರೊಡನೊಬ್ಬರು ಮಾತಾಡುತ್ತಾ ಕಲಿಯಲಿ ಎಂದು ತೆರೆದ ಪುಟ ಅದು. ಹಿಂದಿನ ದಿನ ಅಲ್ಲಿಗೆ ಐದು ಬರಹಗಳು ಬಂದಿದ್ದವು. ಮೊದಲನೆಯದು ಹೀಗಿತ್ತು:

‘ಇಂದ, ರೇವಣಸಿದ್ದಪ್ಪ, ದ್ವಿತೀಯ ವರ್ಷ. ಇವರಿಗೆ, ಭೌತಶಾಸ್ತ್ರದ ಪ್ರಾಧ್ಯಾಪಕರು. ಮಾನ್ಯರೇ, ವಿಷಯ: ಶಾಖಕ್ಕೂ ತಾಪಮಾನಕ್ಕೂ ಇರುವ ವ್ಯತ್ಯಾಸದ ಬಗ್ಗೆ. ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’

ಕೊನೆಗೆ ‘ವಂದನೆಗಳೊಂದಿಗೆ, ತಮ್ಮ ವಿಧೇಯ ವಿದ್ಯಾರ್ಥಿ’ ಎಂದಿತ್ತು. ಉಳಿದ ನಾಲ್ಕೂ ಇದೇ ಅಚ್ಚಿನವು. ಪ್ರತಿಯೊಂದರ ಕೆಳಗೂ ಪ್ರಾಧ್ಯಾಪಕ ಅನಂತಸ್ವಾಮಿಯವರ ಉತ್ತರವಿತ್ತು. ಪ್ರಶ್ನೆ ಬಂದ ಕೆಲವೇ ನಿಮಿಷಗಳಲ್ಲಿ ಬರೆದದ್ದು. ಸರಿಯಾದದ್ದು, ಪೂರ್ಣವಾದದ್ದು, ಉದಾಹರಣೆ ಸಮೇತ. ಅದರ ಕೆಳಗೆ ಕೈ ಮುಗಿದ ಚಿತ್ರ ಒಂದು. ಅಲ್ಲಿಗೆ ಮುಗಿಯಿತು. ಆ ಬಳಿಕ ಯಾರೂ ಏನೂ ಬರೆದಿರಲಿಲ್ಲ.

“ಏನೇ ಹೇಮಾ, ಇವತ್ತಾದ್ರೂ ಯಾರಾದ್ರೂ ಮಾತಾಡಿದಾರಾ?” ಹಜಾರದಿಂದ ಗಂಡ ಕುಮಾರ ಕೇಳಿದರು. ಅವರು ಅದೇ ಊರಿನ ಹೈಸ್ಕೂಲಿನಲ್ಲಿ ಗುಮಾಸ್ತರು.

“ಎಲ್ಲರೂ ಅರ್ಜಿ ಹಾಕಿದಾರೆ.”

“ರಜಾ ಅರ್ಜಿನಾ?”

“ಡೌಟಿನ ಅರ್ಜಿ ಕಣ್ರೀ.”

“ಮಂಜೂರಾಯ್ತಾ?”

“ಎರಡೇ ನಿಮಿಷಕ್ಕೆ.”

“ನಮ್ಮಾಫೀಸಲ್ಲಿ ಹಿಂಗೆ ಮಂಜೂರಾಗಿದ್ರೆ ಜನ ನನಗೆ ಹಾರ ಹಾಕ್ತಿದ್ರು,” ಎಂದರು ಕುಮಾರ.

ಹೇಮಾಶ್ರೀ ನಗಲಿಲ್ಲ. ಅವರಿಗಿದ್ದ ತೊಂದರೆಯೇ ಅದು. ಅಷ್ಟು ಬೇಗ ಮಂಜೂರಾಗುತ್ತಿದ್ದುದರಿಂದ ಆ ಕೋರ್ಸು ಸಾಯುತ್ತಿತ್ತು.

ಹೇಮಾಶ್ರೀ ಹಗರೆಯವರು. ತಂದೆಗೆ ರಾಗಿ ಹೊಲ, ಒಂದಿಷ್ಟು ತೆಂಗು, ಕೊಟ್ಟಿಗೆ ತುಂಬ ಹಸು. ಬೇಲೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಆಮೇಲೆ ಎಂ.ಎಸ್ಸಿ. ಮಾಡಿ, ಹಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ಕಾಲೇಜಿಂದ ಕಾಲೇಜಿಗೆ ಅಲೆದರು. ಕೊರೋನಾ ಬಂದಾಗ ಎಲ್ಲರಂತೆ ಅವರೂ ಮನೆಯಿಂದಲೇ ಪಾಠ ಮಾಡಬೇಕಾಯಿತು. ಹಗರೆಯ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಕೊಟ್ಟಿಗೆಯ ಪಕ್ಕದ ಜಗುಲಿಯಲ್ಲಿ ಮಾತ್ರ. ಅಲ್ಲಿ ಕೂತು ಒಂದು ಇಡೀ ಪತ್ರಿಕೆಯ ಪಾಠಗಳನ್ನು ಅಚ್ಚುಕಟ್ಟಾಗಿ ಚಿತ್ರ ಬಿಡಿಸಿ, ವಿವರಿಸಿ ಕಳಿಸಿದರು. ವರ್ಷದ ಕೊನೆಗೆ ವಿದ್ಯಾರ್ಥಿಗಳಿಗೆ ಏನು ನೆನಪಿದೆ ಎಂದು ಕೇಳಿದರೆ, ಹೆಚ್ಚಿನವರು ಹೇಳಿದ್ದು ಒಂದೇ: ಮೂರನೇ ಪಾಠದಲ್ಲಿ ಹಸು ಕೂಗಿದ್ದು. ಅದನ್ನು ಮಾತ್ರ ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದರು. ಮಾತಾಡಿಕೊಂಡದ್ದು ನೆನಪಿನಲ್ಲಿ ಉಳಿಯಿತು, ಬರೀ ಕೇಳಿದ್ದು ಹೋಯಿತು. ಹೇಮಾಶ್ರೀ ಇದನ್ನು ತಮಾಷೆ ಎಂದು ಬಿಡಲಿಲ್ಲ. ಒಂದು ಪ್ರಯೋಗದ ಫಲಿತಾಂಶದಂತೆ ನೋಡಿದರು.

ಈಗ ಅವರು ವಿಶ್ವವಿದ್ಯಾಲಯವೊಂದರ ಅರಸೀಕೆರೆಯ ಪ್ರಾದೇಶಿಕ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ಕೊಬ್ಬರಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಕಿಟಕಿ ತೆರೆದರೆ ಕೊಬ್ಬರಿಯ ಘಮ, ಮುಚ್ಚಿದರೆ ಸೆಕೆ. ಕಾಲೇಜು ಮೇಷ್ಟ್ರುಗಳಿಗೆ ಆನ್‌ಲೈನ್ ಕೋರ್ಸು ಕಟ್ಟುವುದನ್ನು ಕಲಿಸುವುದು ಅವರ ಕೆಲಸ. ವಿಡಿಯೋ ತೆಗೆಯುವುದನ್ನಲ್ಲ, ಅದಕ್ಕೆ ಬೇರೆಯವರಿದ್ದಾರೆ. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಓದುವವರು ಒಬ್ಬರಿಂದೊಬ್ಬರು ಕಲಿಯುವಂತೆ ಪಾಠವನ್ನು ಹೇಗೆ ಜೋಡಿಸಬೇಕು, ಯಾವ ಪ್ರಶ್ನೆ ಕೇಳಬೇಕು, ಯಾವಾಗ ಬಾಯಿ ಹಾಕಬೇಕು, ಯಾವಾಗ ಹಾಕಬಾರದು, ಇಷ್ಟು.

ಇದಕ್ಕೆ ಸುತ್ತೋಲೆಯಲ್ಲಿ ‘ಸಾಮಾಜಿಕ ಕಲಿಕೆಯ ತರಬೇತಿ’ ಎಂದು ಹೆಸರಿಟ್ಟಿದ್ದರು. ಅದನ್ನು ಓದಿದ ಪ್ರಾಂಶುಪಾಲರು ಇದು ಸಮಾಜ ವಿಜ್ಞಾನದ ವಿಷಯವೆಂದು ತಿಳಿದು ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದವರನ್ನೇ ಕಳಿಸಿದರು. ಜುಲೈ ತಿಂಗಳ ಮೊದಲ ತಂಡದಲ್ಲಿ ವಿಜ್ಞಾನದವರು ಒಬ್ಬರೇ. ಅವರೂ ಬಂದದ್ದು, ಅವರ ಕಾಲೇಜಿನ ಸಮಾಜಶಾಸ್ತ್ರದ ಹುದ್ದೆ ಖಾಲಿ ಇದ್ದುದರಿಂದ. ಅವರೇ ಅನಂತಸ್ವಾಮಿ. ಬೇಲೂರಿನ ಕಾಲೇಜಿನಲ್ಲಿ ಹೇಮಾಶ್ರೀಗೆ ಭೌತಶಾಸ್ತ್ರ ಹೇಳಿಕೊಟ್ಟ ಗುರುಗಳು.

“ನೀನೇನಮ್ಮ ಇಲ್ಲಿ?” ಎಂದು ಬಾಗಿಲಲ್ಲೇ ಕೇಳಿದ್ದರು.

“ನಾನೇ ಸರ್ ತರಬೇತಿ ಕೊಡೋದು.”

“ಓ! ಹಾಗಾದರೆ ನಾನು ಹಿಂದಿನ ಬೆಂಚಿಗೆ ಹೋಗ್ತೀನಿ. ಅಲ್ಲಿ ಕೂತವರಿಗೆ ನಾನು ಎಷ್ಟು ಬೈದಿದ್ದೀನಿ ಅಂತ ನಿನಗೆ ಗೊತ್ತಲ್ಲ, ತೀರಿಸಿಕೋ.”

ಅವರಿಗೆ ಐವತ್ತೇಳು ವಯಸ್ಸು. ನಿವೃತ್ತಿಗೆ ಮೂರು ವರ್ಷ. ಅವರ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಸೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಆ ಸಾಲಿನಲ್ಲಿ ಇಬ್ಬರೇ ಉಳಿದಿದ್ದರು. ಒಂದು ತರಗತಿ ಎಂದು ಹೇಳಿಕೊಳ್ಳುವಷ್ಟು ಜನ ಅವರಿಗಿದ್ದದ್ದು ಈ ಆನ್‌ಲೈನ್ ಕೋರ್ಸಿನಲ್ಲಿ ಮಾತ್ರ. ಈ ನಡುವೆ ಕೇಂದ್ರ ಕಚೇರಿಯಿಂದ ಒಂದು ತೀರ್ಮಾನ ಬಂದಿತ್ತು. ನವೆಂಬರಿನಲ್ಲಿ ಎಲ್ಲ ಕೋರ್ಸುಗಳ ಪರಿಶೀಲನೆ. ಚರ್ಚೆ ನಡೆಯುತ್ತಿರುವ ಕೋರ್ಸಿಗೆ ಮೇಷ್ಟ್ರು ಮುಂದುವರಿಯುತ್ತಾರೆ. ಚರ್ಚೆ ಸತ್ತ ಕೋರ್ಸನ್ನು ವಿಡಿಯೋ ಪಾಠ ಮಾಡಿ ಇಟ್ಟು ಪ್ರತಿವರ್ಷ ಅದನ್ನೇ ಓಡಿಸಲಾಗುತ್ತದೆ, ಮೇಷ್ಟ್ರು ಬೇಕಾಗಿಲ್ಲ. ಅನಂತಸ್ವಾಮಿಗೆ ಇದು ತಿಳಿದಿತ್ತು. ಆದ್ದರಿಂದಲೇ ಹಗಲೆಲ್ಲ ಫೋನು ಹಿಡಿದು ಕೂತು, ಪ್ರಶ್ನೆ ಬಂದ ಕ್ಷಣವೇ ಉತ್ತರ ಬರೆಯುತ್ತಿದ್ದರು. ಹೆಚ್ಚು ಬರೆದಷ್ಟೂ ಕೋರ್ಸು ಬದುಕುತ್ತದೆ ಎಂದು ಅವರ ನಂಬಿಕೆ.

ಆಗಸ್ಟಿನ ಒಂದು ಭಾನುವಾರ ಹೇಮಾಶ್ರೀ ಬೇಲೂರಿಗೆ ಹೋದರು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮೇಷ್ಟ್ರ ಮನೆ. ಬಾಗಿಲು ತೆರೆದವರು ಅವರ ಹೆಂಡತಿ ಆಂಡಾಳ್.

“ಬಾಮ್ಮಾ, ಒಳಗೆ ಬಾ. ಮೊದಲು ಕಾಫಿ ಕುಡಿ, ಆಮೇಲೆ ಇವರನ್ನ ಬೈಯುವಿಯಂತೆ.”

“ಬೈಯೋಕೆ ಬಂದಿಲ್ಲ ಅಮ್ಮಾ.”

“ಬೈಯದೆ ಇದ್ರೆ ಇವರು ಆ ಫೋನು ಕೆಳಗಿಡಲ್ಲ. ಊಟದ ಎಲೆ ಮುಂದೇನೂ ಅದೇ. ಸಾರು ಬಡಿಸಿದೀನಾ ಹುಳಿ ಬಡಿಸಿದೀನಾ ಅಂತ ಇವರಿಗೆ ಗೊತ್ತಾಗಲ್ಲ.”

ಅನಂತಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. ಹೇಮಾಶ್ರೀ ನೇರವಾಗಿ ವಿಷಯಕ್ಕೆ ಬಂದರು.

“ಸರ್, ಮಕ್ಕಳು ಮಾತಾಡಬೇಕು ಅಂದ್ರೆ ನೀವು ಸುಮ್ಮನಿರಬೇಕು.”

“ಅದೇನು ಪಾಠ ಅಮ್ಮ ಅದು? ಒಬ್ಬ ಮನುಷ್ಯ ದಿನವಿಡೀ ದುಡಿದು ಬಂದು ಪ್ರಶ್ನೆ ಕೇಳ್ತಾನೆ. ನನಗೆ ಉತ್ತರ ಗೊತ್ತಿದೆ. ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ ಅಂತೀಯ. ಅನ್ಯಾಯ ಅಲ್ವಾ?”

“ನೀವು ಬರೆದ ಮೇಲೆ ಅದರ ಕೆಳಗೆ ಬರೆಯೋ ಧೈರ್ಯ ಯಾರಿಗಿದೆ ಸರ್? ನನಗೇ ಇಲ್ಲ. ನಮ್ಮ ಕ್ಲಾಸಲ್ಲಿ ನೀವು ಹಲಗೆ ಮೇಲೆ ಉತ್ತರ ಬರೆದು ಸೀಮೆಸುಣ್ಣ ಕೆಳಗಿಟ್ಟ ಮೇಲೆ ಯಾವತ್ತಾದ್ರೂ ಯಾರಾದ್ರೂ ಎದ್ದು ನಿಂತಿದ್ರಾ?”

ಅನಂತಸ್ವಾಮಿ ಯೋಚಿಸಿದರು. “ಇಲ್ಲ,” ಎಂದರು. ಅವರು ಸುಳ್ಳು ಹೇಳುವವರಲ್ಲ.

“ಕನಿಷ್ಠ ಇಬ್ಬರು ವಿದ್ಯಾರ್ಥಿಗಳು ಉತ್ತರ ಬರೆಯೋವರೆಗೆ ಕಾಯಿರಿ. ಅಷ್ಟೇ ನಾನು ಕೇಳೋದು.”

“ಇವರು ಸುಮ್ಮನಿರೋದಾ?” ಕಾಫಿ ತಂದ ಆಂಡಾಳ್ ನಕ್ಕರು. “ನಮ್ಮ ಮದುವೆಯಲ್ಲೇ ಪುರೋಹಿತರ ಮಂತ್ರ ತಿದ್ದಿದವರು ಕಣಮ್ಮ ಇವರು. ನೋಡೋಣ, ನಿನ್ನ ಕೈಲಾಗುತ್ತಾ ಅಂತ.”

ಮೇಷ್ಟ್ರು ಮಾತು ಉಳಿಸಿಕೊಂಡರು. ಹತ್ತು ದಿನ ಒಂದಕ್ಷರ ಬರೆಯಲಿಲ್ಲ. ಹನ್ನೊಂದನೇ ದಿನ ಹೇಮಾಶ್ರೀಗೆ ಫೋನು ಮಾಡಿದರು.

“ಏನಮ್ಮ, ನೀನು ಹೇಳಿದ ಹಾಗೆ ಸುಮ್ಮನಿದ್ದೆ. ಈಗ ಪ್ರಶ್ನೆ ಹಾಕಿ ಅವರೂ ಸುಮ್ಮನಿದ್ದಾರೆ. ಮೊದಲು ಒಬ್ಬನಾದರೂ ಮಾತಾಡ್ತಿದ್ದ, ನಾನು. ಈಗ ಪುಟದಲ್ಲಿ ನೊಣ ಹಾರೋದು ಕೇಳಿಸುತ್ತೆ.”

ಅದು ನಿಜವಾಗಿತ್ತು. ತರಬೇತಿಯ ಕೈಪಿಡಿ ಹೇಳಿದ ಹಾಗೇ ಹೇಮಾಶ್ರೀ ನಡೆದಿದ್ದರು: ಮೇಷ್ಟ್ರು ಹಿಂದೆ ಸರಿದರೆ ವಿದ್ಯಾರ್ಥಿಗಳು ಮುಂದೆ ಬರುತ್ತಾರೆ ಎಂದು. ಬರಲಿಲ್ಲ. ಮೇಷ್ಟ್ರ ತರಗತಿ ಉಳಿಸಲು ಹೋಗಿ ಇದ್ದ ಒಂದು ಉಸಿರನ್ನೂ ನಿಲ್ಲಿಸಿದಂತಾಗಿತ್ತು. ಆ ವಾರ ಜಾವಗಲ್ ದಾರಿಯ ಬಸ್ಸಿನಲ್ಲಿ ಅರಸೀಕೆರೆಗೆ ಹೋಗುವಾಗ ಅವರು ಪುಟವನ್ನು ಮೊದಲಿಂದ ಓದಿದರು. ಎಲ್ಲಕ್ಕಿಂತ ಮೇಲೆ ‘ನಿಮ್ಮನ್ನು ಪರಿಚಯಿಸಿಕೊಳ್ಳಿ’ ಎಂಬ ಚಟುವಟಿಕೆ. ಅದಕ್ಕೆ ಎಲ್ಲರೂ ಬರೆದದ್ದು ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಪಿಯುಸಿಯಲ್ಲಿ ಬಂದ ಅಂಕ. ಒಬ್ಬರು ಆಧಾರ್ ಸಂಖ್ಯೆಯನ್ನೂ ಬರೆದಿದ್ದರು. ಅದನ್ನು ಮೊದಲ ದಿನವೇ ಅಳಿಸಬೇಕಾಗಿ ಬಂದಿತ್ತು. ಮಾತು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಮರುದಿನ ಕೇಂದ್ರಕ್ಕೆ ಒಂದು ಕರೆ ಬಂತು. ಮಾತಾಡಿದವರು ಮಾದಮ್ಮ. ಗೆಂಡೆಹಳ್ಳಿ ಕಡೆಯ ಒಂದು ಅಂಗನವಾಡಿಯಲ್ಲಿ ಟೀಚರು, ನಲವತ್ತು ದಾಟಿದವರು. ಮಗಳು ಕಾಲೇಜು ಸೇರಿದ ವರ್ಷವೇ ತಾವೂ ಬಿ.ಎಸ್ಸಿ.ಗೆ ಸೇರಿಕೊಂಡವರು.

“ಮೇಡಂ, ಒಂದು ಮಾತು ಕೇಳ್ಬೇಕಿತ್ತು. ಪಾಠದ್ದಲ್ಲ.”

“ಕೇಳಿ.”

“ಆ ರೇವಣಸಿದ್ದಪ್ಪ ಅನ್ನೋರು ಮೊನ್ನೆ ಇನ್ನೊಂದು ಕೇಳವ್ರಲ್ಲ, ಅದಕ್ಕೆ ಉತ್ತರ ನಂಗೆ ಗೊತ್ತೈತೆ. ಬರೆಯಾನ ಅಂತ ಕುಂತ್ಕಂಡೆ. ‘ನೋಡು’ ಅಂತ ಬರೀಲೋ, ‘ನೋಡಿ’ ಅಂತ ಬರೀಲೋ? ಅವ್ರು ನನಗಿಂತ ದೊಡ್ಡೋರೋ ಚಿಕ್ಕೋರೋ ಗೊತ್ತಿಲ್ಲ. ಹೆಸರು ಹಿಡಿದು ಕರುದ್ರೆ, ಯಾವಳಿವಳು ಅಂದ್ಕಂಡ್ರೆ?”

“ಆಮೇಲೆ ಏನು ಮಾಡಿದ್ರಿ?”

“ಯಾಕೆ ಬೇಕು ಅಂತ ಬಿಟ್ಟೆ. ಮೇಷ್ಟ್ರಾದ್ರೆ ಮಾನ್ಯರೇ ಅಂದ್ರಾಯ್ತು. ಇವ್ರನ್ನ ಏನಂತ ಕರಿಯಾದು?”

ಹೇಮಾಶ್ರೀ ಫೋನು ಇಟ್ಟು ಪುಟವನ್ನು ಮತ್ತೆ ತೆರೆದರು. ಎದುರಿಗಿರುವವರು ಯಾರೆಂದು ತೀರ್ಮಾನಿಸದೆ ಕನ್ನಡದಲ್ಲಿ ಒಂದು ವಾಕ್ಯವನ್ನೂ ಮುಗಿಸಲಾಗುವುದಿಲ್ಲ. ಬಾ ಅನ್ನಬೇಕೋ ಬನ್ನಿ ಅನ್ನಬೇಕೋ, ಅಣ್ಣನೋ ತಮ್ಮನೋ, ಅಕ್ಕನೋ ಅಮ್ಮನೋ. ಬಸ್ಸಿನಲ್ಲಿ, ಸಂತೆಯಲ್ಲಿ ಇದನ್ನು ಮುಖ ನೋಡಿ, ಕೂದಲು ನೋಡಿ ಒಂದು ಕ್ಷಣದಲ್ಲಿ ಗೊತ್ತುಮಾಡಿಕೊಳ್ಳುತ್ತೇವೆ. ಪರದೆಯ ಮೇಲೆ ಮುಖವಿಲ್ಲ. ಹುಟ್ಟಿದ ದಿನಾಂಕ ಬರೆದಿದ್ದರೂ ಅದನ್ನು ನೋಡಿ ಯಾರೂ ಯಾರನ್ನೂ ಕರೆಯುವುದಿಲ್ಲ. ಯಾರಿಗೂ ತಪ್ಪಾಗದಂತೆ ಬರೆಯಬಹುದಾದ ಒಂದೇ ಬಗೆಯೆಂದರೆ ಶಾಲೆಯಲ್ಲಿ ಕಲಿತ ಅರ್ಜಿ. ಅದರಲ್ಲಿ ಕರೆಯುವ ಮಾತು ಮೊದಲೇ ಸಿದ್ಧವಾಗಿರುತ್ತದೆ. ಆದರೆ ಅರ್ಜಿ ಹೋಗುವುದು ಮೇಲಕ್ಕೆ ಮಾತ್ರ. ಪಕ್ಕದವರಿಗೆ ಯಾರೂ ಅರ್ಜಿ ಹಾಕುವುದಿಲ್ಲ.

ಆ ಶುಕ್ರವಾರದ ತರಬೇತಿಯಲ್ಲಿ ಹೇಮಾಶ್ರೀ ಹೊಸ ಚಟುವಟಿಕೆಯೊಂದನ್ನು ಹಲಗೆಯ ಮೇಲೆ ಬರೆದರು: ‘ನಿಮ್ಮನ್ನು ಮನೆಯಲ್ಲಿ, ಕೆಲಸದ ಜಾಗದಲ್ಲಿ, ಬೀದಿಯಲ್ಲಿ ಏನೆಂದು ಕರೆಯುತ್ತಾರೆ? ಇಲ್ಲಿ ನಾವು ಏನೆಂದು ಕರೆಯಬೇಕು?’ ಯಾವ ಚಟುವಟಿಕೆಯೇ ಆಗಲಿ, ವಿದ್ಯಾರ್ಥಿಗಳಿಗೆ ಕೊಡುವ ಮೊದಲು ಮೇಷ್ಟ್ರುಗಳು ಮಾಡಿ ನೋಡಬೇಕು ಎಂಬುದು ಅವರ ಕ್ರಮ.

ಇತಿಹಾಸದ ರಘುರಾಮ್ ಕೈ ಎತ್ತಿದರು. ಆ ತಂಡದಲ್ಲಿ ಹೆಚ್ಚು ನಗಿಸುವವರು ಅವರೇ. “ಮೇಡಂ, ಮನೇಲಿ ನನ್ನನ್ನ ಪುಟ್ಟೂ ಅಂತಾರೆ. ಅದನ್ನೂ ಬರೀಬೇಕಾ?”

“ಬರೀರಿ.”

“ನಾಳೆ ಸ್ಟೂಡೆಂಟ್ಸು ಪುಟ್ಟೂ ಸರ್ ಅಂದ್ರೆ?”

“ಅಂದ್ರೆ ಒಂದು ಸಲವಾದ್ರೂ ನೀವು ಬರೆದಿದ್ದು ಪೂರ್ತಿ ಓದಿದಾರೆ ಅಂತ ಅರ್ಥ ಕಣ್ರೀ,” ಎಂದು ಹಿಂದಿನ ಬೆಂಚಿನಿಂದ ಅನಂತಸ್ವಾಮಿ ಹೇಳಿದರು.

ಎಲ್ಲರೂ ನಕ್ಕರು. ಆದರೆ ಬರೆಯಲು ಕೂತಾಗ ನಗು ನಿಂತಿತು. ಎರಡು ತಿಂಗಳಿಂದ ಒಂದೇ ಕೋಣೆಯಲ್ಲಿ ಕೂತು ‘ಸರ್’, ‘ಮೇಡಂ’ ಎನ್ನುತ್ತಿದ್ದವರಿಗೆ ಆವತ್ತು ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಯಿತು. ಅವರಲ್ಲಿ ಇಬ್ಬರು ಒಂದೇ ಊರಿನ ಸೊಸೆಯರೆಂದು ತಿಳಿದು ಸಂಬಂಧ ಹುಡುಕಲು ಶುರುಮಾಡಿದ್ದರಿಂದ ತರಬೇತಿ ಅರ್ಧ ಗಂಟೆ ತಡವಾಯಿತು. ಹೇಮಾಶ್ರೀ ತಡೆಯಲಿಲ್ಲ.

ಅದೇ ಪ್ರಶ್ನೆ ಅನಂತಸ್ವಾಮಿಯವರ ಪುಟಕ್ಕೆ ಹೋಯಿತು. ಮೊದಲು ಬರೆದವರು ರೇವಣಸಿದ್ದಪ್ಪ: ‘ನಾನು ಹಾರನಹಳ್ಳಿ ಕಡೆ ಲೈನ್‌ಮ್ಯಾನ್. ಜನ ಕರೆಂಟ್ ಇದ್ದಾಗ ಸಿದ್ದಣ್ಣ ಅಂತಾರೆ. ಇಲ್ಲದಾಗ ಅನ್ನೋದನ್ನ ಇಲ್ಲಿ ಬರೆಯಂಗಿಲ್ಲ.’

ಅದಕ್ಕೆ ಮಾದಮ್ಮ: ‘ಹಂಗಾದ್ರೆ ನಾವೂ ಸಿದ್ದಣ್ಣ ಅಂತೀವಿ. ನಂಗೆ ಅಂಗನವಾಡಿ ಮಕ್ಕಳು ಮಿಸ್ಸು ಅಂತವೆ, ಊರೋರು ಮಾದಕ್ಕ ಅಂತಾರೆ. ಅಕ್ಕ ಅಂದ್ರೆ ಸಾಕು.’

ಅರೇಹಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ನಂದಿತಾ ಬರೆದಳು: ‘ನಾನೇ ಎಲ್ರಿಗಿಂತ ಚಿಕ್ಕೋಳು ಅನ್ಸುತ್ತೆ. ನಂದು ಅನ್ನಿ. ಹೋಗೇ ಬಾರೇ ಅಂದ್ರೂ ಬೇಜಾರಿಲ್ಲ.’

ಎರಡು ವಾರ ಕಳೆಯುವ ಹೊತ್ತಿಗೆ ‘ಇಂದ, ಇವರಿಗೆ, ಮಾನ್ಯರೇ’ ಬಹುಮಟ್ಟಿಗೆ ಮರೆಯಾಯಿತು. ಪ್ರಶ್ನೆಗಳು ‘ಸಿದ್ದಣ್ಣ’, ‘ಮಾದಕ್ಕ’ ಎಂದು ಶುರುವಾದವು. ಬರೆಯದೆ ಓದಿ ಹೋಗುವವರು ಇದ್ದೇ ಇದ್ದರು. ಕೆಲವರು ಪರೀಕ್ಷೆಗೆ ಬರುವ ಪ್ರಶ್ನೆ ಯಾವುದು ಎಂದಷ್ಟೇ ಕೇಳಿದರು. ಒಬ್ಬರು ಕೊನೆಯವರೆಗೂ ‘ವಿಧೇಯ ವಿದ್ಯಾರ್ಥಿ’ ಎಂದೇ ಸಹಿ ಮಾಡಿದರು. ಹೇಮಾಶ್ರೀ ಅದನ್ನೂ ತಿದ್ದಲು ಹೋಗಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ, ಅರಸೀಕೆರೆಯಲ್ಲಿ ತರಬೇತಿ ನಡೆಯುತ್ತಿರುವಾಗಲೇ, ಅನಂತಸ್ವಾಮಿಯವರ ಫೋನು ಸದ್ದು ಮಾಡಿತು. ಪುಟದಲ್ಲಿ ರೇವಣಸಿದ್ದಪ್ಪ ಬರೆದಿದ್ದರು: ‘ಬೆಳಿಗ್ಗೆ ಹೊತ್ತು ಲೈನು ಬಿಗಿಯಾಗಿ ಇರ್ತದೆ. ಮಧ್ಯಾಹ್ನ ಜೋಲು ಬೀಳ್ತದೆ. ಕಣ್ಣಲ್ಲಿ ದಿನಾ ನೋಡ್ತೀನಿ, ಯಾಕೆ ಅಂತ ಬರೆಯಕ್ಕೆ ಬರ್ತಿಲ್ಲ. ಯಾರಾದ್ರೂ ಹೇಳ್ರಪ್ಪ.’

ಐದು ನಿಮಿಷದಲ್ಲಿ ಮಾದಮ್ಮನ ಉತ್ತರ: ‘ಮಧ್ಯಾಹ್ನ ಎಲ್ಲಾ ಹೊಲದಲ್ಲಿ ಮೋಟ್ರು ಹಾಕ್ತಾರಲ್ಲ ಸಿದ್ದಣ್ಣ, ಅದಕ್ಕೆ ಲೋಡ್ ಜಾಸ್ತಿ. ಲೋಡ್ ಜಾಸ್ತಿ ಆದ್ರೆ ಭಾರ ತಾನೆ? ಭಾರಕ್ಕೆ ಜಗ್ಗುತ್ತೆ.’

ಅನಂತಸ್ವಾಮಿ ಕುರ್ಚಿಯಿಂದ ಎದ್ದೇಬಿಟ್ಟರು. “ಭಾರ! ಕರೆಂಟಿಗೆ ಭಾರ! ಹೇಮಾ, ತಪ್ಪು ಬರೆದಿದ್ದಾರಮ್ಮ!”

“ಇಬ್ಬರು, ಸರ್. ಒಬ್ಬರು ಬಂದಿದ್ದಾರೆ.”

“ಎರಡನೆಯವರು ಬರೋ ಹೊತ್ತಿಗೆ ಎಲ್ಲರೂ ಇದನ್ನ ಓದಿ ನಂಬಿರ್ತಾರೆ. ತಪ್ಪು ಹಾಗೇ ಕೂತಿದೆ, ನನ್ನ ಕಣ್ಣ ಮುಂದೆ!”

“ಕೂತಿರಲಿ ಸರ್, ಅದೇನು ನಿಮ್ಮ ತಲೆ ಮೇಲೆ ಕೂತಿಲ್ಲ,” ಎಂದರು ರಘುರಾಮ್. “ಬನ್ನಿ, ಕೆಳಗೆ ಹೋಗಿ ಟೀ ಕುಡಿಯೋಣ. ಫೋನು ಮೇಡಂ ಹತ್ರ ಇರಲಿ.”

ಫೋನನ್ನು ಹೇಮಾಶ್ರೀಯ ಕೈಗೆ ಕೊಡುವಾಗ ಅನಂತಸ್ವಾಮಿ ಎರಡು ಸಲ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಕೊಟ್ಟು ಇಳಿದರು. ಮಂಡಿಯ ಮುಂದಿನ ಅಂಗಡಿಯಲ್ಲಿ ಟೀ ಬಿಸಿಯಾಗಿತ್ತು. ಅವರು ಅದನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡು ಮೇಲೆ ಬಂದರು. ಅಷ್ಟರಲ್ಲಿ ಪುಟ ತುಂಬಿತ್ತು.

ಸಿದ್ದಣ್ಣ: ‘ಮಾದಕ್ಕ, ಕರೆಂಟಿಗೆ ತೂಕ ಇದ್ದಿದ್ರೆ ನಾವು ಮೀಟ್ರು ಬಿಟ್ಟು ತಕ್ಕಡಿ ಹಿಡ್ಕಂಡು ಮನೆ ಮನೆಗೆ ಬರ್ತಿದ್ವಿ.’

ಮಾದಕ್ಕ: ‘ನಗಬ್ಯಾಡ ಕಣಣ್ಣ. ಹಂಗಾದ್ರೆ ಲೋಡ್ ಅಂತ ಯಾಕೆ ಅಂತೀರಾ?’

ನಂದು: ‘ಲೋಡ್ ಅಂದ್ರೆ ತೂಕ ಅಲ್ಲ ಅಕ್ಕ, ಜಾಸ್ತಿ ಕರೆಂಟ್ ಹರಿಯುತ್ತೆ ಅಂತ. ಆದ್ರೆ ಸಿದ್ದಣ್ಣ, ಜಾಸ್ತಿ ಕರೆಂಟ್ ಹರಿದ್ರೆ ವೈರು ಬಿಸಿ ಆಗಲ್ವಾ? ನಮ್ಮಂಗಡೀಲಿ ಫ್ರಿಜ್ಜು, ಏಸಿ ಎರಡೂ ಹಾಕಿದ್ರೆ ಪ್ಲಗ್ ಮುಟ್ಟಕ್ಕಾಗಲ್ಲ. ಬಿಸಿ ಆದ್ರೆ ಲೋಹ ಉದ್ದ ಆಗುತ್ತೆ ಅಂತ ಎರಡನೇ ಪಾಠದಲ್ಲಿತ್ತು.’

ಸಿದ್ದಣ್ಣ: ‘ಹೌದಲ್ಲಾ! ನಾನು ಬರೀ ಬಿಸಿಲು ಬಿಸಿಲು ಅಂತ ಯೋಚ್ನೆ ಮಾಡ್ತಿದ್ದೆ. ಮೋಡ ಇದ್ದ ದಿನಾನೂ ಮೋಟ್ರು ಟೈಮಲ್ಲಿ ಜೋಲು ಬಿದ್ದಿದ್ದು ಕಂಡೀನಿ.’

ಮಾದಕ್ಕ: ‘ಈಗ ನಾನು ಹೇಳಿದ್ದು ಸರಿಯೋ ತಪ್ಪೋ?’

ಸಿದ್ದಣ್ಣ: ‘ಅರ್ಧ ಸರಿ ಅಕ್ಕ. ಲೋಡು ನಿಂದು, ಬಿಸಿಲು ನಂದು.’

ಅನಂತಸ್ವಾಮಿ ಅದನ್ನು ಎರಡು ಸಲ ಓದಿದರು. ಕೋಣೆಯಲ್ಲಿದ್ದವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

“ನಾನು ಏನು ಬರೀತಿದ್ದೆ ಗೊತ್ತಾ?” ಎಂದರು. “‘ತಪ್ಪು. ಉಷ್ಣತೆಯಿಂದ ತಂತಿ ಹಿಗ್ಗುತ್ತದೆ.’ ಸರಿಯಾದ ಉತ್ತರವೇ. ಆದರೆ ಆ ಲೋಡಿನ ಮಾತು ಅಲ್ಲಿಗೆ ಸತ್ತುಹೋಗ್ತಿತ್ತು. ಆಯಮ್ಮ ಮತ್ತೆ ಬರೀತಾನೂ ಇರಲಿಲ್ಲ.”

ಮೊದಲಿನಂತೆ ಬೆರಳು ಓಡಿಸದೆ, ನಿಧಾನವಾಗಿ ಒಂದು ಸಾಲು ಬರೆದರು: ‘ಸರಿ, ಬೇಸಿಗೆಯ ನಡುಮಧ್ಯಾಹ್ನ ತಂತಿಯನ್ನು ಚೆನ್ನಾಗಿ ಬಿಗಿದು ಕಟ್ಟಿದರೆ, ಡಿಸೆಂಬರಿನ ಬೆಳಗಿನ ಜಾವ ಅದಕ್ಕೆ ಏನಾಗಬಹುದು?’ ಬರೆದು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಆ ಪ್ರಶ್ನೆಯ ಬೆನ್ನು ಹತ್ತಿ ಚರ್ಚೆ ಇನ್ನೂ ನಾಲ್ಕು ದಿನ ನಡೆಯಿತು. ಅದುವರೆಗೆ ಒಂದೂ ಮಾತಾಡದ ಹತ್ತಾರು ಮಂದಿ ಬರೆದರು. ಒಬ್ಬರು ರೈಲು ಹಳಿಯ ಸಂದಿನ ಚಿತ್ರ ತೆಗೆದು ಹಾಕಿದರು. ಯಾರೋ ತಂತಿ ಎಷ್ಟು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿ ತಪ್ಪು ಮಾಡಿದರು, ಇನ್ಯಾರೋ ತಿದ್ದಿದರು. ಬೇಲೂರಿನಿಂದ ಆಂಡಾಳ್ ಫೋನು ಮಾಡಿ, “ಏನು ಮಾಡಿದ್ಯಮ್ಮ ಇವರಿಗೆ? ನಿನ್ನೆ ಹುಳಿ ಚೆನ್ನಾಗಿದೆ ಅಂದ್ರು,” ಎಂದರು.

ನವೆಂಬರ್ ಕೊನೆಯಲ್ಲಿ ಪರಿಶೀಲನೆಗೆ ಕೇಂದ್ರ ಕಚೇರಿಯ ಅಧಿಕಾರಿಯೊಬ್ಬರು ಅರಸೀಕೆರೆಗೆ ಬಂದರು. ಮೃದು ಮಾತಿನವರು, ಆದರೆ ಎದುರಿಗೆ ತೆರೆದಿದ್ದ ಕೋಷ್ಟಕವನ್ನು ನಂಬುವವರು. ಅದರಲ್ಲಿ ಅಂಕ ಕೊಟ್ಟಿದ್ದದ್ದು ಎರಡಕ್ಕೆ: ಮೇಷ್ಟ್ರು ಎಷ್ಟು ಸಲ ಬರೆದಿದ್ದಾರೆ, ಎಷ್ಟು ಬೇಗ ಬರೆದಿದ್ದಾರೆ. ಚರ್ಚೆ ಬದುಕಿದೆಯೇ ಎಂದು ಅಳೆಯಲು ಕಚೇರಿಗೆ ಹೊಳೆದದ್ದು ಅಷ್ಟೇ. ಹೀಗಾಗಿ ಜುಲೈ ತಿಂಗಳಲ್ಲಿ ಅನಂತಸ್ವಾಮಿ ಎಲ್ಲರಿಗಿಂತ ಮುಂದೆ ಇದ್ದರು. ಅಕ್ಟೋಬರಿನಲ್ಲಿ ಎಲ್ಲರಿಗಿಂತ ಹಿಂದೆ.

“ಹುಷಾರಿರಲಿಲ್ವಾ ಸರ್?” ಎಂದು ಅಧಿಕಾರಿ ಅನುಕಂಪದಿಂದಲೇ ಕೇಳಿದರು. “ನಿಮ್ಮ ಪಾಠ ಒಳ್ಳೆಯದು. ವಿಡಿಯೋ ಮಾಡಿ ಇಟ್ಟುಬಿಡೋಣ. ನಿಮಗೂ ಶ್ರಮ ತಪ್ಪುತ್ತೆ.”

ಅನಂತಸ್ವಾಮಿ ಏನೋ ಹೇಳಲು ಹೊರಟು ಹೇಮಾಶ್ರೀಯ ಕಡೆ ನೋಡಿದರು. ಹೇಮಾಶ್ರೀ ವಾದ ಮಾಡಲಿಲ್ಲ. ತಂತಿಯ ಚರ್ಚೆಯನ್ನು ಗೋಡೆಯ ಪರದೆಯ ಮೇಲೆ ತೆರೆದು, “ಸರ್, ದಯವಿಟ್ಟು ಇದನ್ನ ಒಂದು ಸಲ ಗಟ್ಟಿಯಾಗಿ ಓದ್ತೀರಾ?” ಎಂದು ಕೇಳಿದರು.

ಅಧಿಕಾರಿ ಓದಲು ಶುರುಮಾಡಿದರು. ತಕ್ಕಡಿಯ ಮಾತು ಬಂದಾಗ ನಕ್ಕರು. ‘ಲೋಡು ನಿಂದು, ಬಿಸಿಲು ನಂದು’ ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ, “ಇವರು ಒಬ್ಬರನ್ನೊಬ್ಬರು ನೋಡಿದಾರಾ?” ಎಂದು ಕೇಳಿದರು. ಇಲ್ಲ ಎಂದರು ಹೇಮಾಶ್ರೀ. ಅವರು ಮತ್ತೆ ಓದಿದರು. ಚರ್ಚೆ ಉದ್ದವಿತ್ತು. ಕೆಳಗಿನ ಮಂಡಿಯಲ್ಲಿ ಯಾರೋ ಮೂಟೆ ಎತ್ತಿ ಹಾಕುತ್ತಿದ್ದರು.

ಅನಂತಸ್ವಾಮಿಯವರ ಕೋರ್ಸು ಇಂದಿಗೂ ನಡೆಯುತ್ತಿದೆ, ಅವರೇ ನಡೆಸುತ್ತಿದ್ದಾರೆ. ಕೋಷ್ಟಕಕ್ಕೆ ಒಂದು ಹೊಸ ಕಲಂ ಸೇರಿದೆ: ವಿದ್ಯಾರ್ಥಿಗಳು ವಿದ್ಯಾರ್ಥಿಗಳಿಗೆ ಬರೆದದ್ದು. ಸುತ್ತೋಲೆಯಲ್ಲಿ ‘ಸಾಮಾಜಿಕ’ ಎಂಬುದು ಹೋಗಿ ‘ಜೊತೆಗೂಡಿ ಕಲಿಯುವ’ ಎಂದಾಗಿದೆ. ಈಗ ಗಣಿತ, ರಸಾಯನಶಾಸ್ತ್ರದವರೂ ಬರುತ್ತಾರೆ. ಹೊಸ ತಂಡ ಬಂದಾಗಲೆಲ್ಲ ಹೇಮಾಶ್ರೀ ಅವರಿಗೆ ಮೊದಲು ಕೊಡುವುದು ಕೈಪಿಡಿಯನ್ನಲ್ಲ, ನಿಮ್ಮನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಯನ್ನು.

ಇವೆಲ್ಲ ನಿಶ್ಚಯವಾದದ್ದು ಆವತ್ತಿನ ಒಂದು ಮಾತಿನಿಂದ. ಓದಿ ಮುಗಿಸಿದ ಅಧಿಕಾರಿ ಪರದೆಯನ್ನು ಮೇಲಿಂದ ಕೆಳಕ್ಕೆ ಇನ್ನೊಮ್ಮೆ ಸರಿಸಿದರು. ಕನ್ನಡಕ ಹಣೆಗೇರಿಸಿ, “ಇಷ್ಟೂ ಮಾತಿನಲ್ಲಿ ಮೇಷ್ಟ್ರು ಬರೆದದ್ದು ಎಷ್ಟು?” ಎಂದು ಕೇಳಿದರು.

ಉತ್ತರ ಹೇಳಲು ಅನಂತಸ್ವಾಮಿ ಬಾಯಿ ತೆರೆದರು. ಹೇಮಾಶ್ರೀ ಅವರತ್ತ ನೋಡಿದರು, ಅಷ್ಟೇ. ಮೇಷ್ಟ್ರು ಬಾಯಿ ಮುಚ್ಚಿದರು.

“ಒಂದು,” ಎಂದರು ಹೇಮಾಶ್ರೀ.